ಬೆಸುಗೆ ಬಿಟ್ಟಿರಲಿಲ್ಲ

ಮರ ಕಡಿಯೋರು ಎಲ್ಲ ಕಡೆ ಸಿಗುತ್ತಾರೆ. ಗರಗಸ ತರುತ್ತಾರೆ, ಹಗ್ಗ ಕಟ್ಟಿ ಕೊಂಬೆ ಇಳಿಸುತ್ತಾರೆ, ಕಾಂಡ ತುಂಡು ಮಾಡಿ ಹೇರಿಕೊಂಡು ಹೋಗುತ್ತಾರೆ. ನೆಲದೊಳಗಿನ ಬೊಡ್ಡೆ ಮಾತ್ರ ಅಲ್ಲೇ ಕೂತಿರುತ್ತದೆ. ಮನೆಯವರಿಗೆ ಅದರ ನೆನಪಾಗೋದು ಚರಂಡಿ ಪೈಪಿನೊಳಗೆ ಬೇರು ನುಗ್ಗಿ ಬಚ್ಚಲ ನೀರು ವಾಪಸ್ಸು ಬಂದಾಗ, ಇಲ್ಲವೇ ಅಡುಗೆಮನೆ ನೆಲ ಉಬ್ಬಿ ಟೈಲ್ಸ್ ಬಿರಿದಾಗ. ಆಗ ಜನ ಹುಡುಕಿಕೊಂಡು ಬರುತ್ತಿದ್ದದ್ದು ಇಬ್ಬರು ಷಡ್ಡಕರನ್ನು.

ಅಕ್ಕನ ಗಂಡನ ಹತ್ತಿರ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು. ಮನೆ ಪಕ್ಕದ ಓಣಿಯಲ್ಲಿ ಗೋಡೆಗೆ ತಾಗದ ಹಾಗೆ ನುಗ್ಗಿ ಹಿತ್ತಲಿಗೆ ಹೋಗುವಷ್ಟು ಪುಟ್ಟದು. ಅವನು ಅದರ ಮೇಲೆ ಕೂರುವ ಗತ್ತು ನೋಡಿ ಜನ ಅವನನ್ನು ದೊರೆ ಅಂತ ಕರೆಯುತ್ತಿದ್ದರು. ತಂಗಿಯ ಗಂಡ ವೆಲ್ಡರ್. ಅವನಿಗೆ ಅಡ್ಡಹೆಸರು ಇಡುವಷ್ಟು ಸಲಿಗೆ ಯಾರಿಗೂ ಇರಲಿಲ್ಲ. ಹೇಳಹೊರಟಿರುವುದು ಅವನ ಕತೆ.

ವೆಲ್ಡರನ ಅಪ್ಪ ಲೇತ್ ಮೆಷಿನಿನ ಮುಂದೆ ನಿಂತು ನಿಂತೇ ಸವೆದುಹೋದವನು. ಮಗನನ್ನು ಸಣ್ಣ ವಯಸ್ಸಿಗೇ ಒಬ್ಬ ಮೇಸ್ತ್ರಿಯ ಕೈಗೆ ಹಾಕಿದ. ಆ ಮೇಸ್ತ್ರಿಗೆ ಬೈಯುವ ಅಭ್ಯಾಸವೂ ಇರಲಿಲ್ಲ, ಹೊಗಳುವ ಅಭ್ಯಾಸವೂ ಇರಲಿಲ್ಲ. ಬೆಸೆದ ಜಾಗಕ್ಕೆ ಸುತ್ತಿಗೆಯಿಂದ ಒಂದು ತಟ್ಟುತ್ತಿದ್ದ. ಸದ್ದು ಖಣ್ಣೆಂದರೆ ಮುಂದಕ್ಕೆ ಹೋಗುತ್ತಿದ್ದ, ಮಂದವಾಗಿ ಕೇಳಿಸಿದರೆ ಕತ್ತರಿಸಿ ಬಿಸಾಡಿ ಇನ್ನೊಂದು ಸಲ ಮಾಡು ಅನ್ನುತ್ತಿದ್ದ. ಅಲ್ಲಿಂದ ಬಂದ ಚಟ ವೆಲ್ಡರನಿಗೆ ಕೊನೆಯವರೆಗೂ ಹೋಗಲಿಲ್ಲ. ಬಸ್ಸು ಹತ್ತಿದರೆ ಮುಂದಿನ ಸೀಟಿನ ಕಂಬಿ ತಟ್ಟುತ್ತಿದ್ದ. ಮದುವೆಗೆ ಮುಂಚೆ ಮಾವನ ಮನೆಗೆ ಮೊದಲ ಸಲ ಹೋದಾಗ ಗೇಟಿನ ಕೀಲನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಇದು ಬಿಡತ್ತೆ" ಅಂದಿದ್ದ. ಹೆಣ್ಣಿನ ಮನೆಯಲ್ಲಿ ಅವನು ಆಡಿದ ಮೊದಲ ಮಾತು ಅದೇ. ಮದುವೆಯ ವಾರ ನೆಂಟರ ಮಕ್ಕಳು ಆ ಗೇಟಿನ ಮೇಲೆ ಹತ್ತಿ ತೂಗಾಡಿದ್ದೇ ತಡ, ಕೀಲು ಕಳಚಿ ಬಿತ್ತು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಹುಡುಗಿಗೆ ಗಂಡ ಸಿಕ್ಕಿದ್ನೋ, ಇಂಜಿನಿಯರ್ ಆಫೀಸೇ ಸಿಕ್ತೋ!" ಅಂತ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದ.

ದೊರೆಗೆ ಮಾತು ಬೇಕು, ವೆಲ್ಡರನಿಗೆ ಮಾತು ಬೇಡ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತು.

ಬೊಡ್ಡೆ ಕೀಳುವ ಕೊಕ್ಕೆ ಹುಟ್ಟಿದ್ದು ದೊರೆಯ ಹಿತ್ತಲಲ್ಲಿ. ಅವನು ಟ್ರ್ಯಾಕ್ಟರ್ ತಂದದ್ದು ಮಣ್ಣು ಸಾಗಿಸಲು. ಒಂದು ಭಾನುವಾರ ಹಿತ್ತಲಿನ ಹಳೆ ಬೊಡ್ಡೆಗೆ ಸರಪಳಿ ಸುತ್ತಿ ಎಳೆಯುತ್ತಿದ್ದ. ಸರಪಳಿ ಜಾರುತ್ತಿತ್ತು, ಚಕ್ರ ಮಣ್ಣು ತೋಡುತ್ತಿತ್ತು, ಬೊಡ್ಡೆ ಜಪ್ಪಯ್ಯ ಅನ್ನಲಿಲ್ಲ. ವೆಲ್ಡರ್ ಗೋಡೆಗೆ ಒರಗಿ ನಿಂತು ಮಧ್ಯಾಹ್ನದವರೆಗೂ ನೋಡಿದ. ಆಮೇಲೆ ಮನೆಗೆ ಹೋದ. ಮುಂದಿನ ಭಾನುವಾರ ಕೈಗಾಡಿಯಲ್ಲಿ ಒಂದು ಕಬ್ಬಿಣದ ವಸ್ತು ತಂದು ಇಳಿಸಿದ. ಹಳೇ ಲಾರಿಯ ಚಾಸಿ ಕತ್ತರಿಸಿ, ಕಾಯಿಸಿ, ಬಗ್ಗಿಸಿ, ಬೆಸೆದು ಮಾಡಿದ ಒಂದೇ ಹಲ್ಲಿನ ಕೊಕ್ಕೆ. ಉದ್ದಕ್ಕೆ ನಿಲ್ಲಿಸಿದರೆ ಅವನ ಸೊಂಟಕ್ಕೆ ಬರುತ್ತಿತ್ತು. ಒಳಬಾಗಿದ ಅಂಚನ್ನು ಮಚ್ಚಿನ ಹಾಗೆ ಮಸೆದಿದ್ದ. ಟ್ರ್ಯಾಕ್ಟರಿನ ಹಿಂದೆ ಏಳುವ ಇಳಿಯುವ ತೋಳುಗಳಿಗೆ ಅದನ್ನು ಕೂರಿಸಿ, ಹೆಬ್ಬೆರಳು ದಪ್ಪದ ಒಂದು ಗಟ್ಟಿ ಪಿನ್ನು ತೂರಿಸಿದ. ಆ ಪಿನ್ನನ್ನು ಅಪ್ಪನ ಹಳೆ ಲೇತಿನಲ್ಲಿ ತಾನೇ ಕಡೆದಿದ್ದ.

"ಈಗ ಎಳೀರಿ ಅಣ್ಣ. ಮೆಲ್ಲಗೆ."

ಬೊಡ್ಡೆ ಕಿತ್ತು ಬಂತು. ದೊರೆ ಟ್ರ್ಯಾಕ್ಟರಿನಿಂದ ಜಿಗಿದು ಷಡ್ಡಕನನ್ನು ಎತ್ತಿ ತಿರುಗಿಸಿಬಿಟ್ಟ. ಇಬ್ಬರಿಗೂ ಮೈಯೆಲ್ಲ ಮಣ್ಣು. ಅಕ್ಕತಂಗಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು.

ಅಂದಿನಿಂದ ಅದೇ ಕಸುಬಾಯಿತು. ಕೆಲಸಕ್ಕೆ ವೆಲ್ಡರ್ ಒಂದು ಕ್ರಮ ಹಾಕಿದ್ದ. ಮೊದಲು ಬೊಡ್ಡೆಯ ಸುತ್ತ ನೀರು ನಿಲ್ಲಿಸಿ ಮಣ್ಣು ಮೆತ್ತಗೆ ಮಾಡಬೇಕು. ಆಮೇಲೆ ಗುದ್ದಲಿಯಲ್ಲಿ ಬಿಡಿಸಿ ನೋಡಬೇಕು, ಯಾವ ಬೇರು ಗೋಡೆ ಕಡೆಗೆ, ಯಾವುದು ಪೈಪಿನ ಕಡೆಗೆ ಅಂತ. ಪಕ್ಕದ ಬೇರುಗಳನ್ನೆಲ್ಲ ಕೊಕ್ಕೆಯ ಅಂಚಿನಿಂದ ಒಂದೊಂದಾಗಿ ಸೀಳಬೇಕು. ಕೊನೆಗೆ ಉಳಿಯುವುದು ನೇರ ಕೆಳಗಿಳಿದ ತಾಯಿಬೇರು. ಅದರಡಿಗೆ ಕೊಕ್ಕೆಯ ಮೂತಿ ತೂರಿಸಿ, ಮೊದಲ ಗೇರಿನಲ್ಲಿ, ಉಸಿರು ಬಿಗಿಹಿಡಿದು ಎಳೆಯಬೇಕು. ಬೇರು ಬಿಡುವಾಗ ಮಣ್ಣಿನೊಳಗಿಂದ ಬಟ್ಟೆ ಹರಿದಂಥ ಸದ್ದು ಬರುತ್ತದೆ. ಆ ಸದ್ದು ಬಂದಾಗ ವೆಲ್ಡರ್ ಕೈ ಎತ್ತುತ್ತಿದ್ದ, ದೊರೆ ಕ್ಲಚ್ಚು ತುಳಿಯುತ್ತಿದ್ದ. ಒಬ್ಬನಿಗೆ ಹಿಂದೆ ಕಾಣುತ್ತಿರಲಿಲ್ಲ, ಇನ್ನೊಬ್ಬನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ.

ಒಳ್ಳೆಯ ವರ್ಷಗಳು ಅವು. ದೊರೆಗೆ ಮಕ್ಕಳಿರಲಿಲ್ಲ. ವೆಲ್ಡರನಿಗೆ ಒಬ್ಬಳೇ ಮಗಳು, ಅವಳು ಬೆಳೆದದ್ದೆಲ್ಲ ದೊಡ್ಡಪ್ಪನ ತೊಡೆಯ ಮೇಲೆ. ಸ್ಟೇರಿಂಗಿಗೆ ಕೈ ಎಟುಕುವ ಮೊದಲೇ ಟ್ರ್ಯಾಕ್ಟರ್ ಓಡಿಸಿದ್ದೀನಿ ಅಂತ ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದಳು. ಒಂದೇ ಒಂದು ಮುಳ್ಳು ಅಂದರೆ, ಕೆಲಸ ಮಾಡಿಸಿಕೊಂಡವರು "ದೊರೆಯ ಕೊಕ್ಕೆ" ಅನ್ನುತ್ತಿದ್ದರು. ಟೀ ಕೊಡುವಾಗಲೂ ಮೊದಲ ಲೋಟ ಗಾಡಿಯ ಮೇಲಿದ್ದವನಿಗೆ, ಗುಂಡಿಯೊಳಗೆ ನಿಂತವನಿಗೆ ಆಮೇಲೆ. ವೆಲ್ಡರನ ಹೆಂಡತಿಗೆ ಇದು ಹೊಟ್ಟೆಗೆ ಹಾಕಿಕೊಳ್ಳಲಾಗದ ಮಾತು. "ನೀವು ಮಾಡಿದ ಕೊಕ್ಕೆ ರೀ ಅದು!" ಅನ್ನುತ್ತಿದ್ದಳು. ಅವನು, "ಬೊಡ್ಡೆಗೆ ಗೊತ್ತು ಬಿಡು," ಅನ್ನುತ್ತಿದ್ದ.

ಅನಾಹುತ ಆದದ್ದು ಒಬ್ಬ ಟೀಚರಮ್ಮನ ಹಿತ್ತಲಲ್ಲಿ. ದೊಡ್ಡ ಅತ್ತಿಮರ ಕಡಿಸಿದ್ದರು. ಬೊಡ್ಡೆ ಒಬ್ಬರ ತೋಳಿಗೆ ಸಿಗದಷ್ಟು ದಪ್ಪ, ಬೇರು ಪಕ್ಕದ ಬೀದಿಯ ಕಲ್ಲಿನ ಕಾಂಪೌಂಡ್ ಗೋಡೆಯ ಅಡಿಗೇ ಹೋಗಿತ್ತು. ಟೀಚರಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ಮಾತು ಕೇಳಿಸುವಷ್ಟು ಹತ್ತಿರ.

ಕೊಕ್ಕೆ ಇಳಿಸುವಾಗ ವೆಲ್ಡರನ ಕಣ್ಣು ಪಿನ್ನಿನ ಜಾಗಕ್ಕೆ ಹೋಯಿತು. ಅಲ್ಲಿ ಪಿನ್ನು ಇರಲಿಲ್ಲ. ಅಂಗಡಿಯಲ್ಲಿ ಸಿಗುವ, ಗೇಟಿಗೆ ಹಾಕುವಂಥ ಮೆತ್ತನೆಯ ಬೋಲ್ಟು ಇತ್ತು.

"ಅಣ್ಣ, ಪಿನ್ನೆಲ್ಲಿ?"

"ಮೊನ್ನೆ ಕೆಸರಲ್ಲಿ ಎಲ್ಲೋ ಬಿತ್ತು. ಸಿಗಲಿಲ್ಲ."

"ಇದು ತಡೆಯಲ್ಲ. ಮನೇಲಿ ಇನ್ನೊಂದು ಪಿನ್ನಿದೆ. ಹೋಗಿ ತರ್ತೀನಿ."

"ಹೋಗಿ ಬರೋ ಹೊತ್ತಿಗೆ ಮಧ್ಯಾಹ್ನ ಆಗತ್ತೆ ಮಾರಾಯ. ಊಟ ಆದ್ಮೇಲೆ ಇನ್ನೊಂದು ಕಡೆ ಬರ್ತೀನಿ ಅಂದಿದ್ದೀನಿ."

"ಆಗಲಿ. ಪಕ್ಕದ ಬೇರಾದ್ರೂ ಪೂರ್ತಿ ಸೀಳೋಣ. ಗೋಡೆ ಕಡೇದು ಹಾಗೇ ಇದೆ."

ದೊರೆ ಮೆಟ್ಟಿಲ ಕಡೆ ಒಂದು ಸಲ ನೋಡಿದ. ಟೀಚರಮ್ಮ ತಲೆಯೆತ್ತಿದ್ದರು. ಹೆಂಗಸರ ಎದುರು ಒಬ್ಬ ತನಗೆ ಕೆಲಸ ಹೇಳಿಕೊಡುವುದು ಅವನಿಗೆ ಸಹಿಸಲಾಗಲಿಲ್ಲ.

"ಗಾಡಿ ನಂದು, ಓಡಿಸೋನು ನಾನು. ನಿನ್ನ ಕೆಲಸ ನೀನು ನೋಡ್ಕೋ," ಅಂದ.

ವೆಲ್ಡರ್ ಗುಂಡಿಗಿಳಿದ. ಕೊಕ್ಕೆಯ ಮೂತಿಯನ್ನು ತಾಯಿಬೇರಿನಡಿಗೆ ತೂರಿಸಿ ಗುಂಡಿಯಿಂದ ಮೇಲೆ ಬಂದು ದೂರ ನಿಂತ. ಟ್ರ್ಯಾಕ್ಟರ್ ಗುರ್ರೆಂದಿತು. ತಾಯಿಬೇರು ಅಲುಗಲಿಲ್ಲ. ದೊರೆ ಇನ್ನಷ್ಟು ರೇಸ್ ಕೊಟ್ಟ. ಚಕ್ರ ಮಣ್ಣು ಕಚ್ಚಿ ಗಾಡಿ ನಡುಗಿತು. ವೆಲ್ಡರ್ ಕೈ ಬೀಸಿ, "ಸಾಕು, ಸಾಕು ಅಣ್ಣ!" ಅಂತ ಕೂಗಿದ. ಅಷ್ಟರಲ್ಲಿ ಪಟ್ಟೆಂದು ಒಂದು ಸದ್ದು. ಹಿಡಿದುಕೊಂಡಿದ್ದದ್ದು ಬಿಟ್ಟು ಟ್ರ್ಯಾಕ್ಟರ್ ಕಟ್ಟು ಹರಿದ ಹೋರಿಯ ಹಾಗೆ ಮುಂದಕ್ಕೆ ಹಾರಿ ಗೋಡೆಗೆ ಗುದ್ದಿತು. ಗೋಡೆ ಅರ್ಧ ಬೀದಿಗೆ, ಅರ್ಧ ದೊರೆಯ ಮೇಲೆ ಬಿತ್ತು. ಚಕ್ರಕ್ಕೂ ಕಲ್ಲಿಗೂ ನಡುವೆ ಅವನ ಬಲಗಾಲು ಸಿಕ್ಕಿಕೊಂಡಿತ್ತು.

ಕಲ್ಲುಗಳನ್ನು ಒಬ್ಬನೇ ಎತ್ತಿ ಎತ್ತಿ ಎಸೆದವನು ವೆಲ್ಡರ್. ಉಗುರು ಕಿತ್ತು ರಕ್ತ ಬರುತ್ತಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಷಡ್ಡಕನನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಗೆ ಓಡಿ, ಸಿಕ್ಕಿದ ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ.

ಕಾಲು ಉಳಿಯಿತು, ಆದರೆ ಮಂಡಿ ಮತ್ತೆ ಮಡಚಲಿಲ್ಲ. ಬ್ರೇಕು, ಗಾಡಿ ಎಲ್ಲ ಅಲ್ಲಿಗೇ ಮುಗಿಯಿತು.

ವಾರ್ಡಿನಲ್ಲಿ ನೋಡಲು ಬಂದವರೆಲ್ಲ ಏನಾಯ್ತು ಅಂತ ಕೇಳುತ್ತಿದ್ದರು. ಔಷಧಿಯ ಬಾಟಲಿ ತೊಳೆದುಕೊಂಡು ಬರುತ್ತಿದ್ದ ವೆಲ್ಡರನ ಕಿವಿಗೆ ಪರದೆಯ ಆಚೆಯಿಂದ ದೊರೆಯ ದನಿ ಬಿತ್ತು: "ಏನಿಲ್ಲ, ಕೊಕ್ಕೆ ವೆಲ್ಡಿಂಗ್ ಬಿಟ್ಟೋಯ್ತು."

ವೆಲ್ಡರ್ ಪರದೆಗೆ ಕೈ ಹಾಕಿದ. ಒಳಗೆ ಹೋಗಲು ಒಂದು ಹೆಜ್ಜೆ ಇಟ್ಟ. ಹೆಂಡತಿ ಕೈ ಹಿಡಿದು ಜಗ್ಗಿದಳು.

"ಈಗ ಬೇಡ ರೀ. ನೋವಲ್ಲಿ ಏನೋ ಅಂದಿದ್ದಾರೆ ಭಾವ. ವಾಸಿ ಆಗ್ಲಿ."

ಸರಿ ಅನ್ನಿಸಿತು ಅವನಿಗೂ. ಕಾಲು ಜಜ್ಜಿಹೋದವನ ಜೊತೆ ಬೋಲ್ಟಿನ ಲೆಕ್ಕ ಮಾತಾಡುವುದೇ? ಕೊಕ್ಕೆ ಅಲ್ಲೇ ಬೇರಿನಡಿ ಇದೆ, ನೋಡಿದವರಿಗೆ ಗೊತ್ತಾಗುತ್ತದೆ ಅಂದುಕೊಂಡ.

ಅವನು ಟೀಚರಮ್ಮನ ಮನೆಗೆ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಗೋಡೆ ಬಿದ್ದು ದಾರಿ ಆಗಿತ್ತಲ್ಲ, ಅವರು ಆ ಸಂದಿನಿಂದ ಅಗೆಯುವ ದೊಡ್ಡ ಯಂತ್ರವನ್ನೇ ಒಳಗೆ ತರಿಸಿದ್ದರು. ಆನೆಯಂಥ ಯಂತ್ರ ಬೊಡ್ಡೆಯನ್ನೂ ಕೊಕ್ಕೆಯನ್ನೂ ಒಟ್ಟಿಗೇ ಬಾಚಿ ಎತ್ತಿತ್ತು. ಎತ್ತುವ ಭರದಲ್ಲಿ ಕೊಕ್ಕೆ ತಿರುಚಿ, ಸರಿಯಾಗಿ ಬೆಸುಗೆಯ ಜಾಗದಲ್ಲೇ ಹರಿದು ಎರಡು ತುಂಡಾಗಿತ್ತು. ಆ ಎರಡು ತುಂಡು ಬೀದಿ ಬದಿಯಲ್ಲಿ ಕಲ್ಲಿನ ರಾಶಿಯ ಮೇಲೆ ಬಿದ್ದಿದ್ದವು. ಹೋಗೋರು ಬರೋರು ನಿಂತು, ಬಗ್ಗಿ, "ನೋಡ್ರಿ, ಇಲ್ಲೇ ಬಿಟ್ಟಿರೋದು ವೆಲ್ಡಿಂಗು," ಅಂತ ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸುತ್ತಿದ್ದರು.

"ಇದು ಯಂತ್ರ ಹರಿದದ್ದು. ಅವತ್ತು ಮುರಿದದ್ದು ಬೋಲ್ಟು," ಅಂದ ವೆಲ್ಡರ್.

ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕ ಮಾತ್ರ ಮೆತ್ತಗೆ, "ಆಗೋದು ಆಗೋಯ್ತು ಬಿಡಪ್ಪ," ಅಂದ. ಕರುಣೆ ತೋರಿಸಿದ ಆ ದನಿಯೇ ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಅವನು ಗುಂಡಿಗಿಳಿದು ಕೈಯಲ್ಲಿ ಕೆಸರು ಸೋಸಿದ. ಬಹಳ ಹೊತ್ತಿನ ಮೇಲೆ ಅರ್ಧ ಬೋಲ್ಟು ಸಿಕ್ಕಿತು. ಮುರಿದ ಕಡೆ ಇನ್ನೂ ಹೊಳೆಯುತ್ತಿತ್ತು. ಅದನ್ನು ತೊಳೆದುಕೊಂಡು ಮೆಟ್ಟಿಲ ಹತ್ತಿರ ಹೋದ.

"ಟೀಚರಮ್ಮ, ಅವತ್ತು ನಾನು ಬೋಲ್ಟಿನ ಮಾತು ಆಡಿದ್ದು ನೀವು ಕೇಳಿಸಿಕೊಂಡಿದ್ರಿ ಅಲ್ವಾ?"

ಅವರು ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡು ನಿಂತರು. "ನೋಡಿ, ನಾನು ಪೇಪರ್ ತಿದ್ತಾ ಇದ್ದೆ. ನೀವು ಏನೇನೋ ಮಾತಾಡ್ತಿದ್ರಿ. ನನಗೆ ಆ ಪಿನ್ನು, ಬೋಲ್ಟು ಎಲ್ಲ ಅರ್ಥ ಆಗಲ್ಲ."

"ತಡೆಯಲ್ಲ ಅಂದೆ ನಾನು. ನೀವು ತಲೆಯೆತ್ತಿ ನೋಡಿದ್ರಿ."

"ನಮ್ಮ ಮನೆ ಹಿತ್ತಲಲ್ಲಿ ಆಗಿದ್ದು ಅಂತ ನನಗೇ ನಿದ್ದೆ ಇಲ್ಲ. ದಯವಿಟ್ಟು ನನ್ನನ್ನು ಇದರಲ್ಲಿ ಎಳೀಬೇಡಿ." ಬಾಗಿಲು ಮುಚ್ಚಿತು.

ದೊರೆ ಮನೆಗೆ ಬಂದ ಮೇಲೆ ವೆಲ್ಡರ್ ಹೋದ. ಅತ್ತಿಗೆ ಅಂಗಡಿಗೆ ಹೋಗಿದ್ದಳು, ಮನೆಯಲ್ಲಿ ಇಬ್ಬರೇ. ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದವನ ಮುಂದೆ ಅರ್ಧ ಬೋಲ್ಟನ್ನು ಇಟ್ಟ.

"ಅಣ್ಣ, ಇದು ಗುಂಡೀಲಿ ಸಿಕ್ತು."

ದೊರೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ನಿನ್ನ ಶೆಡ್ಡಲ್ಲಿ ಇಂಥವು ಬೇಕಾದಷ್ಟು ಬಿದ್ದಿರ್ತಾವೆ."

"ಅಣ್ಣ!"

"ಏನು?"

"ಊರೋರಿಗೆ ಹೇಳಬೇಡಿ. ಅತ್ತಿಗೆಗೂ ಹೇಳಬೇಡಿ. ನನ್ನ ಹತ್ರ ಒಂದೇ ಒಂದು ಸಲ ಹೇಳಿ, ವೆಲ್ಡಿಂಗ್ ಬಿಟ್ಟಿಲ್ಲ ಅಂತ. ಸಾಕು ನನಗೆ. ಮತ್ತೆ ಕೇಳಲ್ಲ."

ದೊರೆ ಬೋಲ್ಟು ಕೆಳಗಿಟ್ಟು ಸೂರಿನ ಕಡೆ ನೋಡಿದ. ಅವನ ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು. ಇನ್ನೇನು ಹೇಳಿಬಿಡುತ್ತಾನೆ ಅನ್ನಿಸಿತು ವೆಲ್ಡರನಿಗೆ. ಆದರೆ ದೊರೆ ಅಂದದ್ದು ಬೇರೆ.

"ಈ ಕಾಲು ನೋಡು. ಸೊಟ್ಟ ಆದೋನು ನಾನು. ಗಾಡಿ ಹತ್ತೋಕಾಗದೆ ಬಿದ್ದಿರೋನು ನಾನು. ನಿನ್ನ ಕೈಕಾಲು ನೆಟ್ಟಗಿದೆ. ಇನ್ನೂ ಏನು ಹೇಳಿಸ್ತೀಯ ನನ್ನ ಬಾಯಲ್ಲಿ?"

ವೆಲ್ಡರ್ ಬೋಲ್ಟು ಎತ್ತಿಕೊಂಡು ಹೊರಟ. ಅಂದಿನಿಂದ ಎರಡು ಮನೆಯ ನಡುವೆ ಗಂಡಸರ ಓಡಾಟ ನಿಂತಿತು. ಅಕ್ಕತಂಗಿ ತರಕಾರಿ ಅಂಗಡಿ ಮುಂದೆ, ಬಸ್ ಸ್ಟಾಪಿನಲ್ಲಿ ಕಳ್ಳರ ಹಾಗೆ ಭೇಟಿಯಾಗುತ್ತಿದ್ದರು.

ಕೆಲಸ ಒಂದೇ ಸಲ ನಿಲ್ಲಲಿಲ್ಲ, ಸೋರಿಹೋಯಿತು. ಗೇಟು ಮಾಡಲು ಹೇಳಿದ್ದವರು, "ಸ್ವಲ್ಪ ದಿನ ಬಿಟ್ಟು ಹೇಳ್ತೀವಿ," ಅಂದರು. ಪಾರ್ಕಿನ ಉಯ್ಯಾಲೆಯ ಕೆಲಸ ಕೈಗೆ ಬಂದಂತೆ ಬಂದು ತಪ್ಪಿತು. "ಮಕ್ಕಳು ಕೂರೋದು ನೋಡಿ, ನೀವು ಬೇಜಾರು ಮಾಡ್ಕೋಬೇಡಿ," ಅಂದರು. ಅವನ ಜಗಳಕ್ಕೆ ಯಾರೂ ಸಿಗುತ್ತಿರಲಿಲ್ಲ. ಎಲ್ಲರೂ ಬೇಜಾರು ಮಾಡ್ಕೋಬೇಡಿ ಅನ್ನುವವರೇ.

ಮಗಳು ಒಂದು ಸಂಜೆ ಬ್ಯಾಗು ಕೂಡ ಇಳಿಸದೆ ಅವನ ಮುಂದೆ ನಿಂತಳು. "ಅಪ್ಪ, ನಿನ್ನ ವೆಲ್ಡಿಂಗ್ ಬಿಟ್ಟು ದೊಡ್ಡಪ್ಪನ ಕಾಲು ಹೋಯ್ತಂತೆ, ಹೌದಾ?"

ಅವನು ಅವಳನ್ನು ಶೆಡ್ಡಿಗೆ ಕರೆದೊಯ್ದು ಬೋಲ್ಟು ತೋರಿಸಿದ. ಪಿನ್ನು ಅಂದರೇನು, ಬೋಲ್ಟು ಅಂದರೇನು, ಯಾವುದು ಎಷ್ಟು ತಡೆಯುತ್ತದೆ ಅಂತ ಹೇಳಿದ. ಜೀವಮಾನದಲ್ಲಿ ಅಷ್ಟು ಮಾತು ಅವನು ಒಟ್ಟಿಗೆ ಆಡಿರಲಿಲ್ಲ. ಮಗಳು ಬೋಲ್ಟು ನೋಡಿದಳು, ಅಪ್ಪನ ಮುಖ ನೋಡಿದಳು, "ಹೂಂ," ಅಂದಳು. ಆ ಹೂಂನಲ್ಲಿ ನಂಬಿಕೆ ಇರಲಿಲ್ಲ, ಅಪ್ಪ ಅಳಬಾರದು ಅನ್ನುವುದಷ್ಟೇ ಇತ್ತು.

ಶೆಡ್ಡು ಮುಚ್ಚಿ ಅವನು ಇನ್ನೊಬ್ಬರ ವರ್ಕ್‌ಶಾಪಿನಲ್ಲಿ ಕೂಲಿಗೆ ನಿಂತ. ಅಲ್ಲಿ ಅವನಿಗೆ ಕೊಟ್ಟದ್ದು ಬೇರೆಯವರು ಬೆಸೆದದ್ದನ್ನು ಉಜ್ಜಿ ನುಣುಪು ಮಾಡುವ ಕೆಲಸ, ಆಮೇಲೆ ಬಣ್ಣ ಬಳಿಯುವ ಕೆಲಸ. ಭಾರ ಹೊರುವ ಯಾವುದಕ್ಕೂ ಅವನ ಕೈ ಹಚ್ಚಗೊಡಲಿಲ್ಲ. ಹರಕು ಮುರುಕು ಬೆಸುಗೆಯನ್ನು ಅವನು ದಿನವಿಡೀ ಉಜ್ಜುತ್ತಿದ್ದ. ಬೆರಳಲ್ಲಿ ತಟ್ಟುತ್ತಿದ್ದ. ಮಂದ ಸದ್ದು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಮೊದಲು ಅವನು "ಬಿಡತ್ತೆ" ಅಂದಾಗ ಅಲ್ಲಿನವರು ನಕ್ಕಿದ್ದರು.

ಅತ್ತ ದೊರೆ ಮನೆ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಟ್ರ್ಯಾಕ್ಟರನ್ನು ದುರಸ್ತಿ ಮಾಡಿಸಿ ಮಣ್ಣು ಹೊಡೆಯಲು ಬಾಡಿಗೆಗೆ ಬಿಟ್ಟಿದ್ದ. ಹೋಗಿ ಬರುವವರಿಗೆ ಕಾಲಿನ ಕತೆ ಹೇಳುವುದೇ ಅವನಿಗೆ ಹೊತ್ತು ಕಳೆಯುವ ದಾರಿ. ಕತೆ ವರ್ಷ ವರ್ಷ ಬೆಳೆಯಿತು. ಮೊದಲು ವೆಲ್ಡಿಂಗ್ ಬಿಟ್ಟಿತು ಅಷ್ಟೇ ಇತ್ತು. ಆಮೇಲೆ ಅದಕ್ಕೆ ಬಾಲ ಹುಟ್ಟಿತು: "ಬೆಳಿಗ್ಗೇನೇ ಅಂದಿದ್ದೆ ಅವನಿಗೆ, ತಮ್ಮಾ, ಇದು ತಡೆಯಲ್ಲ, ಹೋಗಿ ಸರಿ ಮಾಡ್ಕೊಂಡು ಬಾ ಅಂತ. ಮಾತು ಕೇಳಲಿಲ್ಲ." ಈ ಮಾತು ಹೇಗೋ ವೆಲ್ಡರನ ಕಿವಿಗೂ ಬಿತ್ತು. ಅವನು ಊಟದ ತಟ್ಟೆ ಮುಂದೆ ಕೂತಿದ್ದ. ಕೈ ತೊಳೆದುಕೊಂಡು ಎದ್ದುಬಿಟ್ಟ. ತಾನು ಆಡಿದ ಮಾತನ್ನೇ ದೊರೆ ಕದ್ದು ಬಾಯಿಗೆ ಹಾಕಿಕೊಂಡಿದ್ದ. "ತಡೆಯಲ್ಲ" ಅಂದ ಮಾತೂ ಈಗ ತನ್ನದಲ್ಲ.

ಮಗಳು ಓದು ಮುಗಿಸಿ ಬಸ್ ಡಿಪೋದ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ದೊಡ್ಡಮ್ಮನ ಮನೆಗೆ ಅವಳು ಹೋಗುವುದನ್ನು ಅವನು ತಡೆದಿರಲಿಲ್ಲ. ಒಂದು ದಿನ ಬಂದು, "ದೊಡ್ಡಪ್ಪ ತುಂಬಾ ಇಳಿದುಹೋಗಿದ್ದಾರೆ. ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಅಂದಿದ್ದಾರೆ. ನಿನ್ನ ನೋಡಬೇಕಂತೆ," ಅಂದಳು.

ವೆಲ್ಡರ್ ಕನ್ನಡಿ ಮುಂದೆ ನಿಂತು ಗಡ್ಡ ಮಾಡಿಕೊಂಡ. ಇಸ್ತ್ರಿಯ ಅಂಗಿ ಹಾಕಿಕೊಂಡ. ದಾರಿಯುದ್ದಕ್ಕೂ ಅವನಿಗೆ ಅನ್ನಿಸುತ್ತಿದ್ದದ್ದು ಒಂದೇ: ಇವತ್ತು ಹೇಳುತ್ತಾನೆ. ಅದಕ್ಕೇ ಕರೆಸಿದ್ದಾನೆ. ಸಾಯುವ ಮುಂಚೆ ಎದೆ ಹಗುರ ಮಾಡಿಕೊಳ್ಳಬೇಕು ಅನ್ನಿಸಿರುತ್ತದೆ. ಹೇಳಿಬಿಟ್ಟರೆ ಕಾಲು ಹಿಡಿದು ಅತ್ತುಬಿಡೋಣ ಅಂದುಕೊಂಡ. ಇಷ್ಟು ವರ್ಷದ ಸಿಟ್ಟು ಹೋಗುವ ದಾರಿಯಲ್ಲೇ ಅರ್ಧ ಕರಗಿತ್ತು.

ಕೋಣೆಯಲ್ಲಿ ಹೆಂಡತಿ, ಅತ್ತಿಗೆ, ಮಗಳು ಇದ್ದರು. ದೊರೆ ಗುರುತು ಸಿಗದಷ್ಟು ಬಡವಾಗಿದ್ದ. ಕೈ ಚಾಚಿ ವೆಲ್ಡರನ ಕೈ ಹಿಡಿದುಕೊಂಡ.

"ತಮ್ಮಾ, ಬಂದೆಯಾ."

"ಬಂದೆ ಅಣ್ಣ."

"ಹೋಗೋ ಹೊತ್ತಲ್ಲಿ ಮನಸ್ಸಲ್ಲಿ ಏನೂ ಇಟ್ಕೋಬಾರದು. ಅದಕ್ಕೇ ಕರೆಸಿದೆ."

ವೆಲ್ಡರನ ಕಣ್ಣು ಆಗಲೇ ತುಂಬಿಕೊಂಡಿತ್ತು. "ಹೇಳಿ ಅಣ್ಣ."

"ನಿನ್ನ ಮೇಲೆ ನನಗೆ ಒಂಚೂರೂ ಕೋಪ ಇಲ್ಲ ಕಣೋ. ಕೈಯಲ್ಲಿ ಮಾಡೋ ಕೆಲಸ, ವೆಲ್ಡಿಂಗು ಯಾರದ್ದಾದ್ರೂ ಬಿಡತ್ತೆ. ನನ್ನ ಕಾಲು ಹೋಗೋದಿತ್ತು, ಹೋಯ್ತು. ನಿನ್ನನ್ನ ಕ್ಷಮಿಸಿದ್ದೀನಿ. ಎಲ್ಲರ ಮುಂದೇನೇ ಹೇಳ್ತಿದ್ದೀನಿ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಂಡತಿ ಬಿಕ್ಕಿದಳು. ಮಗಳು ಅಪ್ಪನ ಬೆನ್ನ ಮೇಲೆ ಕೈ ಇಟ್ಟಳು.

ವೆಲ್ಡರ್ ಕೈ ಬಿಡಿಸಿಕೊಂಡ. "ಅಣ್ಣ, ವೆಲ್ಡಿಂಗ್ ಬಿಟ್ಟಿರಲಿಲ್ಲ. ಬೋಲ್ಟು ಮುರೀತು. ಪಿನ್ನು ಕಳೆದು ನೀವು ಬೋಲ್ಟು ಹಾಕಿದ್ರಿ."

ದೊರೆ ಅವನನ್ನೇ ನೋಡಿದ. ಹುಬ್ಬು ಗಂಟಿಕ್ಕಿ ನೆನಪಿಗೆ ತಂದುಕೊಳ್ಳಲು ನೋಡಿದ.

"ಯಾವ ಬೋಲ್ಟು?" ಅಂದ.

ವೆಲ್ಡರ್ ಆ ಮುಖದಲ್ಲಿ ಸುಳ್ಳನ್ನು ಹುಡುಕಿದ. ಕಣ್ಣು ತಪ್ಪಿಸುತ್ತಾನೆಯೇ ನೋಡಿದ, ಗಂಟಲು ಆಡುತ್ತದೆಯೇ ನೋಡಿದ. ಏನೂ ಇರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹೇಳಿ ಹೇಳಿ ತನ್ನ ಕತೆಯನ್ನೇ ನಂಬಿಬಿಟ್ಟಿದ್ದ. ಇಷ್ಟು ವರ್ಷ ತಾನು ಯಾವ ಮಾತಿಗಾಗಿ ಕಾಯುತ್ತಿದ್ದೆನೋ ಆ ಮಾತು ಅವನ ಹತ್ತಿರ ಉಳಿದೇ ಇರಲಿಲ್ಲ.

"ನೆನಪು ಮಾಡ್ಕೊಳ್ಳಿ ಅಣ್ಣ. ಟೀಚರಮ್ಮ ಮೆಟ್ಟಿಲ ಮೇಲಿದ್ರು. ನಾನು ತಡೆಯಲ್ಲ ಅಂದೆ, ನೀವು ನನಗೆ..." ಅವನ ದನಿ ಏರಿತು.

ಅತ್ತಿಗೆ ಎದ್ದು ನಡುವೆ ಬಂದಳು. "ಸಾಯೋ ಮನುಷ್ಯನ ಹತ್ರಾನೂ ಗೆಲ್ಲಬೇಕಾ ನಿಮಗೆ? ಕ್ಷಮಿಸಿದೀನಿ ಅಂತ ಕರೆದು ಹೇಳಿದ್ರಲ್ಲ, ಸಾಕಾಗಲ್ವಾ?"

ಮಗಳು ತೋಳು ಹಿಡಿದು ಅವನನ್ನು ಹೊರಗೆ ಕರೆತಂದಳು. "ಅಪ್ಪ, ಬೋಲ್ಟೋ ವೆಲ್ಡಿಂಗೋ, ಈಗ ಅದರಿಂದ ಏನಾಗ್ಬೇಕು? ಒಂದು ಸಲ ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದಳು.

ದೊರೆ ವಾರದೊಳಗೆ ತೀರಿಕೊಂಡ. ಬಂದವರೆಲ್ಲರ ಬಾಯಲ್ಲೂ ಅವನ ದೊಡ್ಡ ಮನಸ್ಸಿನ ಮಾತೇ. ಜೊತೆಗೆ ಹೊಸದೊಂದು ಸೇರಿತ್ತು: ಕ್ಷಮಿಸಿದರೂ ಷಡ್ಡಕ ಹಾಸಿಗೆ ಪಕ್ಕ ನಿಂತು ಜಗಳ ತೆಗೆದನಂತೆ. ವೆಲ್ಡರ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಯಾರೂ ಅವನನ್ನು ಕೂತುಕೋ ಅನ್ನಲಿಲ್ಲ. ದೊರೆ ತನ್ನನ್ನು ಎತ್ತಿ ತಿರುಗಿಸಿದ್ದ ಆ ಮಣ್ಣು ಮೈಯ ಭಾನುವಾರ ಅವನಿಗೆ ನೆನಪಾಗಿ ಅಳು ಬಂತು. ಅತ್ತರೆ ಇವರು ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ ಅಂತ ನುಂಗಿಕೊಂಡ.

ಕೆಲವು ತಿಂಗಳ ಮೇಲೆ ಅತ್ತಿಗೆಯ ಬಚ್ಚಲ ನೀರು ಹೋಗದೆ ನಿಂತಿತು. ಗೋಡೆ ಪಕ್ಕ ಎಂದೋ ಕಡಿಸಿದ್ದ ಮರದ ಬೇರು ಪೈಪಿನೊಳಗೆ ಬೆಳೆದಿತ್ತು. ಓಣಿ ಸಣ್ಣದು, ದೊಡ್ಡ ಯಂತ್ರ ಬರುವುದಿಲ್ಲ. ಮಗಳು ಬಂದು ಅಪ್ಪನ ಮುಂದೆ ನಿಂತಳು. "ದೊಡ್ಡಮ್ಮ ಟ್ರ್ಯಾಕ್ಟರ್ ನೀವೇ ಇಟ್ಕೊಳ್ಳಿ ಅಂತಿದ್ದಾರೆ. ಇನ್ನೊಂದು ಕೊಕ್ಕೆ ಮಾಡೋಕಾಗತ್ತಾ ಅಪ್ಪ?"

ಅವನು ಒಲ್ಲೆ ಅನ್ನಬೇಕೆಂದಿದ್ದ. ಆದರೆ ಕೊಕ್ಕೆ ಅಂದ ಕೂಡಲೇ ಅವನ ಬೆರಳು ಗಾಳಿಯಲ್ಲಿ ಅದರ ಬಾಗು ಬರೆಯತೊಡಗಿತ್ತು. ಶೆಡ್ಡಿನ ಬೀಗ ತೆಗೆದ. ಹಳೆ ಅಳತೆಯೇ, ಹಳೆ ಕಬ್ಬಿಣವೇ, ಬೆಸುಗೆಯೂ ಹಿಂದೆ ಮಾಡಿದ್ದ ಹಾಗೆಯೇ. ಒಂದು ಗೆರೆ ಹೆಚ್ಚಿಸಲಿಲ್ಲ, ಒಂದು ಗೆರೆ ಕಮ್ಮಿ ಮಾಡಲಿಲ್ಲ. ಪಿನ್ನು ಮಾತ್ರ ಎರಡು ಕಡೆದು, ಒಂದನ್ನು ತಂತಿಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ. ಗಾಡಿ ಓಡಿಸಲು ಆ ವಯಸ್ಸಿನಲ್ಲಿ ಕಲಿತ. ಹಿಂದೆ ನೋಡುವವರು ಇಲ್ಲದ್ದರಿಂದ ಮತ್ತೆ ಮತ್ತೆ ಇಳಿದು, ಗುಂಡಿ ನೋಡಿ, ಹತ್ತಿ, ಒಂದು ಗೇಣು ಎಳೆದು, ಮತ್ತೆ ಇಳಿಯುತ್ತಿದ್ದ. ಅತ್ತಿಗೆಯ ಓಣಿಯಲ್ಲಿ ಇಡೀ ದಿನ ಹಿಡಿಯಿತು. ಸಂಜೆಯ ಹೊತ್ತಿಗೆ ತಾಯಿಬೇರು ಬಟ್ಟೆ ಹರಿದಂತೆ ಸದ್ದು ಮಾಡಿ ಬಿಟ್ಟುಕೊಟ್ಟಿತು. ಪೈಪು ಒಡೆಯಲಿಲ್ಲ, ಗೋಡೆಯ ಗಾರೆ ಉದುರಲಿಲ್ಲ.

ಅತ್ತಿಗೆ ಟೀ ತಂದು ಕೈಗೆ ಕೊಟ್ಟಳು. ಮೆತ್ತಗಾಗಿದ್ದಳು. ಕೊಕ್ಕೆಯನ್ನು ಮುಟ್ಟಿ ನೋಡಿ, ಮನಸ್ಸು ತುಂಬಿ ಅಂದಳು: "ಈ ಸಲ ಗಟ್ಟಿಯಾಗಿ ಬೆಸೆದಿದ್ದೀರಿ. ಅವರಿದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ."

ಅವನು ಟೀ ಕುಡಿದು ಲೋಟ ಮೆಟ್ಟಿಲ ಮೇಲಿಟ್ಟು ಗುಂಡಿಗೆ ಮಣ್ಣು ಎಳೆಯತೊಡಗಿದ.

ಈಗ ಅವನಿಗೆ ಕೆಲಸಕ್ಕೆ ಬರವಿಲ್ಲ. ಹಿತ್ತಲು ಹಿತ್ತಲಿಗೂ ಕರೆಯುತ್ತಾರೆ. ಒಂದು ಸಲ ಪೆಟ್ಟು ತಿಂದವನು, ಬುದ್ಧಿ ಕಲಿತಿದ್ದಾನೆ, ಹುಷಾರಾಗಿ ಮಾಡುತ್ತಾನೆ ಅಂತ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ಮೊದಮೊದಲು ಅವನು ತಿದ್ದಲು ಬಾಯಿ ತೆರೆಯುತ್ತಿದ್ದ. ಈಗ ತಲೆಯಾಡಿಸಿ ಯಾವ ಕಡೆ ಪೈಪಿದೆ ಅಂತ ಕೇಳುತ್ತಾನೆ. ಅಕ್ಕತಂಗಿ ಭಾನುವಾರ ಒಟ್ಟಿಗೆ ಕೂತು ಅಡುಗೆ ಮಾಡುತ್ತಾರೆ. ಮಗಳು ಬಂದರೆ ಮನೆ ತುಂಬ ನಗು.

ಅಂಥ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಹೆಂಡತಿ ಪಾತ್ರೆ ಒರೆಸುತ್ತ, "ನೀವು ಆ ಬೋಲ್ಟಿನ ಮಾತು ಬಿಟ್ಟಿದ್ದು ಒಳ್ಳೇದಾಯ್ತು ರೀ," ಅಂದಳು.

ಅವನು ಅವಳ ಪಕ್ಕ ಬಂದು ನಿಂತ.

"ನಿಜ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಅವತ್ತು ಏನು ಮುರೀತು ಅಂತ ನನಗೆ ಯಾವತ್ತೂ ಗೊತ್ತಾಗ್ಲೇ ಇಲ್ಲ. ನನ್ನ ಗಂಡ ನೀವು, ನೀವು ಹೇಳಿದ್ರಿ, ನಾನು ಹೌದು ಅಂದೆ. ಅಷ್ಟೇ."

ಇಷ್ಟು ವರ್ಷ ತನ್ನ ಮಾತು ನಂಬಿದವಳು ಒಬ್ಬಳಾದರೂ ಇದ್ದಾಳೆ ಅಂದುಕೊಂಡಿದ್ದ. ಅವನು ಅವಳ ಕೈಯಿಂದ ಒರೆಸಿದ ಪಾತ್ರೆ ತೆಗೆದುಕೊಂಡು ಗೂಡಿನಲ್ಲಿಟ್ಟ. ಇನ್ನೊಂದು ಕೊಟ್ಟಳು, ಅದನ್ನೂ ಇಟ್ಟ. ಹೊರಗೆ ಮೋಡ ಕಟ್ಟಿತ್ತು. ಟ್ರ್ಯಾಕ್ಟರಿಗೆ ಟಾರ್ಪಾಲು ಹೊದಿಸಿ ಬರುತ್ತೇನೆ ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡ.